ಬಿಳಿ ಧೋತರದ ಪಟ್ಟಿ

ನಮ್ಮ ಮನೆಯ ಪಡಸಾಲೆಯೇ ಅಪ್ಪನ ದವಾಖಾನೆಯಾಗಿತ್ತು. ಪಡಸಾಲೆಗೂ ನಡುಮನೆಗೂ ನಡುವೆ ತೂಗುತ್ತಿದ್ದ ಪರದೆ ನೆಲಕ್ಕಿಂತ ಒಂದು ಗೇಣು ಮೇಲೆಯೇ ನಿಂತುಬಿಡುತ್ತಿತ್ತು. ಅವ್ವ ಹೊಲಿಯುವಾಗ ಅಳತೆ ತಪ್ಪಿದ್ದಳು. ಅವಳು ಹೋದ ಮೇಲೆ ಅದನ್ನು ಬದಲಿಸುವ ಮನಸ್ಸು ಯಾರಿಗೂ ಆಗಲಿಲ್ಲ. ಹೀಗಾಗಿ ಲಕ್ಷ್ಮೇಶ್ವರದ ಮಂದಿಯನ್ನು ನಾನು ಮುಖಕ್ಕಿಂತ ಕಾಲಿನಿಂದಲೇ ಹೆಚ್ಚು ಬಲ್ಲೆ. ಪರದೆಯ ಹಿಂದೆ ಕುಳಿತು ಅಕ್ಕಿ ಆರಿಸುತ್ತ, ಬತ್ತಿ ಹೊಸೆಯುತ್ತ, ಬಂದವರ ಕಾಲು ನೋಡುತ್ತಿದ್ದೆ. ಕಾಳಿನ ಪೇಟೆಯ ಹಮಾಲರ ಧೂಳು ಹತ್ತಿದ ಕಾಲು, ಹೊಲದ ಹೆಂಗಸರ ಒಡೆದ ಹಿಮ್ಮಡಿ, ಬಸುರಿಯರ ಬಾತ ಪಾದ. ಮುಖ ನೋಡಿ ಮಾತಾಡುವುದು ನನ್ನಿಂದ ಆಗುತ್ತಿರಲಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟೆ. ಆ ವರ್ಷ ಅವ್ವ ಹೊಟ್ಟೆ ಊದಿಕೊಂಡು ತೀರಿಕೊಂಡಳು. ಒಲೆಯ ಮುಂದೆ ಒಬ್ಬರು ಬೇಕಾಗಿತ್ತು.

ಸ್ವಲ್ಪ ದಿನಕ್ಕೆ ಅಪ್ಪನ ಅಕ್ಕ, ವಿಧವೆ ತಾರಾಬಾಯಿ ಅತ್ಯಾ, ಮುಂಡರಗಿಯಿಂದ ಬಂದು ನಮ್ಮಲ್ಲೇ ಉಳಿದಳು. ನಾನು ತಿರುಗಿ ಶಾಲೆಗೆ ಹೋಗಬಹುದಿತ್ತು. ಯಾರೂ ಹೋಗು ಎನ್ನಲಿಲ್ಲ, ನಾನೂ ಕೇಳಲಿಲ್ಲ.

ಅಪ್ಪನ ಹೆಸರು ಗುರುರಾಜ. ಆದರೆ ಸುತ್ತಲಿನ ಹಳ್ಳಿಗಳಲ್ಲಿ ಅವರು ‘ಪಟ್ಟಿ ಡಾಕ್ಟರು’. ಆ ಹೆಸರು ಬಂದದ್ದು ಕಾಮಾಲೆಯಿಂದ. ಅದಕ್ಕೆ ನಮ್ಮ ಕಡೆ ಕಾಮಣಿ ಎನ್ನುತ್ತಾರೆ. ಅಪ್ಪ ಹೊಸದಾಗಿ ದವಾಖಾನೆ ತೆರೆದಾಗ ಯಾರಿಗಾದರೂ ಕಣ್ಣು ಹಳದಿಯಾದರೆ ಮಂದಿ ಕಬ್ಬಿಣ ಕಾಯಿಸಿ ಹೊಟ್ಟೆಯ ಮೇಲೆ, ಮುಂಗೈ ಮೇಲೆ ಬರೆ ಹಾಕುತ್ತಿದ್ದರು. ಬರೆ ಕೀವಾಗಿ ಒಂದು ಸಣ್ಣ ಹುಡುಗಿ ಅಪ್ಪನ ಕೈಯಲ್ಲೇ ಹೋಯಿತಂತೆ. ಬೈದರೆ ಮಂದಿ ಕೇಳುವುದಿಲ್ಲವೆಂದು ಅವರು ಒಂದು ಉಪಾಯ ಮಾಡಿದರು. ಹಳೆಯ ಧೋತರವನ್ನು ಚೆನ್ನಾಗಿ ಒಗೆದು ಎರಡು ಬೆರಳಗಲದ ಪಟ್ಟಿಗಳಾಗಿ ಹರಿಯುವುದು. ಒಂದು ಪಟ್ಟಿಯನ್ನು ರೋಗಿಯ ಮೂತ್ರದಲ್ಲಿ ಅದ್ದುವುದು, ಇನ್ನೊಂದನ್ನು ಬರಿಯ ನೀರಿನಲ್ಲಿ. ಎರಡನ್ನೂ ನೆರಳಲ್ಲಿ ಒಣಗಿಸಿ, ಬಿಸಿಲಿಗೆ ಹಿಡಿದು ರೋಗಿಗೇ ತೋರಿಸುವುದು.

“ನೋಡು, ನಿನ್ನ ಪಟ್ಟಿ ಅರಿಷಿಣ ಆಗ್ಯದ, ನನ್ನ ಪಟ್ಟಿ ಬೆಳ್ಳಗದ. ನಿನ್ನದು ನನ್ನದರಂಗ ಆಗೂತನಕ ಎಣ್ಣಿ ಇಲ್ಲ, ಖಾರ ಇಲ್ಲ, ಹೊಲದ ಕೆಲಸ ಇಲ್ಲ. ಬರಿ ಹಾಕಿಸ್ಕೊಂಡೀ ಅಂದ್ರ ನನ್ನ ಕಡೆ ಬರಬ್ಯಾಡ.”

ಕಣ್ಣಿಗೆ ಕಾಣುವುದನ್ನು ಮಂದಿ ನಂಬಿದರು. ಕೆಲವು ವರ್ಷಗಳಲ್ಲಿ ಸುತ್ತಲೂ ಬರೆ ಹಾಕುವುದು ನಿಂತೇಹೋಯಿತು. ಪಟ್ಟಿ ಬೆಳ್ಳಗಾದ ದಿನ ಅಪ್ಪ “ಇಳೀತು” ಎನ್ನುತ್ತಿದ್ದರು. ಆ ಒಂದು ಮಾತಿಗಾಗಿ ಅಸುಂಡಿಯಂಥ ದೂರದ ಊರಿನವರು ಗದಗಿನಲ್ಲಿ ಬಸ್ಸು ಬದಲಿಸಿ ಬರುತ್ತಿದ್ದರು. ಬಿಳಿ ಪಟ್ಟಿಯನ್ನು ಮನೆಗೆ ಒಯ್ದು, ತೊಳೆದು, ಬಾಗಿಲ ಚೌಕಟ್ಟಿಗೆ ಕಟ್ಟುತ್ತಿದ್ದರು. ಅಂದು ಅವರ ಮನೆಯಲ್ಲಿ ಬಹಳ ದಿನಗಳ ಮೇಲೆ ಒಗ್ಗರಣೆಯ ವಾಸನೆ, ಹೋಳಿಗೆ. ಎರಡು ಹೋಳಿಗೆ ನಮ್ಮ ಮನೆಗೂ ಬರುತ್ತಿದ್ದವು.

ಪಟ್ಟಿ ಹರಿಯುವುದು ನನ್ನ ಕೆಲಸ. ಹಳೆಯ ಧೋತರ ಹರಿಯುವಾಗ ಬರುವ ಸಪ್ಪಳ ನನಗೆ ಇಷ್ಟವಾಗುತ್ತಿತ್ತು.

ನನ್ನ ಅಣ್ಣ ಪಾಂಡುರಂಗ ಹೈಸ್ಕೂಲಿನಲ್ಲಿ ಚಿತ್ರಕಲೆಯ ಮಾಸ್ತರ. ಅವನ ಚಪ್ಪಲಿಯ ಮೇಲೆ ಯಾವಾಗಲೂ ಬಣ್ಣದ ಹನಿ. ಮನೆಯಲ್ಲಿ ನಾನು ಮುಖ ಎತ್ತಿ ಮಾತಾಡುತ್ತಿದ್ದುದು ಅವನೊಬ್ಬನ ಹತ್ತಿರ. ಕಾಲೇಜಿಗೆ ಹೋಗುತ್ತಿದ್ದಾಗ ಅವನಿಗೂ ಒಮ್ಮೆ ಕಾಮಣಿಯಾಗಿತ್ತು. ಪಟ್ಟಿ ಬೆಳ್ಳಗಾಯಿತು, ಅತ್ಯಾ ಅದನ್ನು ತುಳಸಿಗೆ ಕಟ್ಟಿದಳು, ನಾವು ಮರೆತೆವು.

ಎಂಬತ್ತನಾಲ್ಕನೆಯ ಇಸವಿಯ ಮಳೆಗಾಲ. ಅಣ್ಣನ ಗೆಳೆಯ ದಾದಾಪೀರನ ತಾಯಿ ನಜಮಾ ಅವರಿಗೆ ಹುಬ್ಬಳ್ಳಿಯ ದೊಡ್ಡ ದವಾಖಾನೆಯೊಂದರಲ್ಲಿ ಆಪರೇಶನ್ ಇತ್ತು. ರಕ್ತ ಬೇಕೆಂದಾಗ ಅಣ್ಣ ಮುಂದಾಗಿ ಹೋದ. ಸಂಜೆ ಬಸ್ಸಿಗೆ ತಿರುಗಿ ಬಂದು, ಅಡುಗೆಮನೆಯ ಹೊಸ್ತಿಲ ಮೇಲೆ ಕುಳಿತ.

“ಕೊಟ್ಟ ಬಂದಿ ಏನೊ ರಕ್ತಾ? ಹಾಲು ಕುಡೀ ಮದಲ,” ಎಂದಳು ಅತ್ಯಾ.

“ತೊಗೊಳ್ಳಿಲ್ಲ ಅತ್ಯಾ. ನನ್ನ ರಕ್ತದಾಗ ಆಸ್ಟ್ರೇಲಿಯಾ ಅದ ಅಂತ.”

“ಏನದ?”

“ಆಸ್ಟ್ರೇಲಿಯಾ ಆಂಟಿಜನ್ ಅಂತ ಅದಕ್ಕ ಹೆಸರು.”

“ಹುಬ್ಬಳ್ಳಿ ದಾಟಿ ಹೋದಾಂವ ಅಲ್ಲ ನೀ. ಅದೆಲ್ಲಿಂದ ಬಂತೊ?”

“ಈಜಿಕೋತ ಬಂದಿರಬೇಕು. ಮಳಿಗಾಲ ನೋಡು.”

ಅತ್ಯಾ ಅವನ ತಲೆಗೆ ಮೊಟಕಿದಳು. ಅಣ್ಣ ಕಿಸೆಯಿಂದ ಸುಣ್ಣದ ಕಡ್ಡಿ ತೆಗೆದು ಅಡುಗೆಮನೆಯ ಕದದ ಹಿಂದೆ ನನಗಾಗಿ ಒಂದು ಕಾಂಗರೂ ಬರೆದ. ಹೊಟ್ಟೆಯ ಚೀಲದಲ್ಲಿ ಮರಿ, ಮರಿಯ ಮೂಗಿನ ಮೇಲೆ ಅಣ್ಣನದೇ ಕನ್ನಡಕ. ನಾನು ನಗುತ್ತ ನಗುತ್ತ ಅವನ ಕೈ ನೋಡಿದೆ. ಉಳಿದ ಸುಣ್ಣದ ಕಡ್ಡಿಯನ್ನು ಅವನು ಮುರಿದು ಮುರಿದು ಪುಡಿ ಮಾಡುತ್ತಿದ್ದ.

ಅಪ್ಪನ ಮುಂದೆ ಅವನು ನಗಲಿಲ್ಲ. ಅಲ್ಲಿಯ ಡಾಕ್ಟರು ಹೇಳಿದ್ದನ್ನು ಇದ್ದಂತೆ ಹೇಳಿದ. ಇದು ಕಾಮಣಿಯ ಒಂದು ಜಾತಿ, ಕಣ್ಣು ತಿಳಿಯಾದರೂ ಲಿವರಿನಲ್ಲಿ ಉಳಿದುಕೊಂಡಿರಬಹುದು, ತಿರುಗಿ ಬಂದು ತೋರಿಸಬೇಕು, ಮನೆಯ ಎಲ್ಲರ ರಕ್ತವನ್ನೂ ತಪಾಸಣೆ ಮಾಡಿಸಬೇಕು.

“ಎಷ್ಟ ವಯಸ್ಸಿನಾಂವ ಆ ಡಾಕ್ಟರ?” ಎಂದರು ಅಪ್ಪ.

“ನನಗಿಂತ ಎರಡ ವರ್ಷ ದೊಡ್ಡಾಂವ ಇರಬೇಕು.”

“ಹೂಂ.”

ಅಪ್ಪ ಕಪಾಟಿನಿಂದ ತಾವು ಓದಿದ ದಪ್ಪ ಪುಸ್ತಕ ಇಳಿಸಿದರು. ಅದರಲ್ಲಿ ಅಂಥದ್ದೇನೂ ಇರಲಿಲ್ಲ. ಅವರು ಕಲಿತು ಬರುವಾಗ ಆ ಹೆಸರೇ ಹುಟ್ಟಿರಲಿಲ್ಲವೆಂದು ನನಗೆ ಬಹಳ ದಿನಗಳ ಮೇಲೆ ತಿಳಿಯಿತು. ಮರುದಿನ ಅವರು ಅಣ್ಣನಿಗೆ ಸೀಸೆ ಕೊಟ್ಟರು. ಹಿತ್ತಲಿನ ಹಗ್ಗದ ಮೇಲೆ ಎರಡು ಪಟ್ಟಿ ಒಣಗಿದವು. ಎರಡೂ ಬಿಳಿ. ಯಾವುದು ಅಣ್ಣನದು, ಯಾವುದು ನೀರಿನದು ಎಂದು ಗುರುತು ಸಿಗಲಿಲ್ಲ.

“ಏನಿಲ್ಲ,” ಎಂದರು ಅಪ್ಪ. ಆದರೆ ಪಟ್ಟಿಗಳನ್ನು ಕೈಯಲ್ಲಿ ಹಿಡಿದುಕೊಂಡು ಹಿತ್ತಲಲ್ಲಿ ಬಹಳ ಹೊತ್ತು ನಿಂತೇ ಇದ್ದರು.

ಸುತ್ತಲಿನ ಊರಿನ ಡಾಕ್ಟರುಗಳು ಆಗಾಗ ರವಿವಾರ ಒಬ್ಬರ ಮನೆಯಲ್ಲಿ ಊಟಕ್ಕೆ ಕೂಡುತ್ತಿದ್ದರು. ಆ ಸಲ ನಮ್ಮ ಪಾಳಿ. ಗದಗಿನವರು, ಶಿರಹಟ್ಟಿಯವರು, ಮುಂಡರಗಿಯವರು ಬಂದರು. ಉಂಡು ಎಲೆ ಅಡಿಕೆಗೆ ಕುಳಿತಾಗ ಅಪ್ಪ ಸುಮ್ಮನೆ ನೆನಪಾದವರಂತೆ ಕೇಳಿದರು.

“ಈ ಆಸ್ಟ್ರೇಲಿಯಾ ಆಂಟಿಜನ್ ಅಂತಾರಲ್ಲ, ಯಾರರೆ ನೋಡೀರೇನು?”

ಶಿರಹಟ್ಟಿಯವರು ನಕ್ಕರು. “ಕೇಳೀನ್ರಿ. ಅದು ಇದ್ರ ಇರತದ. ಗ್ವಾಡಿ ಮ್ಯಾಲೆ ಹಲ್ಲಿ ಇದ್ದಂಗ. ಲೊಚ್ಚ ಅಂತದ, ಯಾರಿಗೆ ಏನ ಮಾಡತದ?”

“ಕಾಮಣಿ ಇಳಿದ ಮ್ಯಾಲೆ ಎಲ್ಲಾ ತಾನ ಹೋಗತದ,” ಎಂದರು ಮುಂಡರಗಿಯವರು. “ಪಟ್ಟಿ ನೋಡಿದ್ರೇನು? ನಿಮ್ಮ ಪಟ್ಟಿ ನಮ್ಮ ಲ್ಯಾಬೋರೇಟರಿ ಅಲ್ಲೇನ್ರಿ!”

ಗದಗಿನವರು ಎಲ್ಲರಿಗಿಂತ ಹೆಚ್ಚು ಓದಿದವರೆಂದು ಹೆಸರು. ಅವರು ದನಿ ಇಳಿಸಿದರು. “ನಾ ಎಲ್ಲೊ ಓದೀನಿ. ಕೆಟ್ಟ ಹೆಂಗಸರ ಕಡೆ ಹೋಗೋ ಹುಡುಗರಿಗೆ ಬರತದಂತ ಅದು. ಯಾರು, ನಿಮ್ಮ ಪೇಶಂಟೇನು?”

“ಹೌದು,” ಎಂದರು ಅಪ್ಪ. “ಒಬ್ಬ ಪೇಶಂಟ.”

ನಾನು ಪರದೆಯ ಈಚೆ ಚಹದ ತಟ್ಟೆ ಹಿಡಿದು ನಿಂತಿದ್ದೆ. ಕೆಳಗೆ ಅಪ್ಪನ ಪಾದ ಕಾಣುತ್ತಿತ್ತು. ಹೆಬ್ಬೆರಳು ಒಳಗೆ ಮಡಚಿಕೊಂಡು ನೆಲವನ್ನು ಒತ್ತುತ್ತಿತ್ತು. ಮೂವರಲ್ಲಿ ಒಬ್ಬರೂ, ಆ ಪೇಶಂಟನ ತಾಯಿ ಹೇಗೆ ತೀರಿಕೊಂಡಳೆಂದು ಕೇಳಲಿಲ್ಲ. ಕೇಳಬೇಕೆಂದು ಅವರಿಗೆ ಗೊತ್ತಿರಲಿಲ್ಲ. ಅಪ್ಪನಿಗೂ ಗೊತ್ತಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಣ್ಣ ಮನೆಗೆ ಬಂದ. ಅಪ್ಪ ಕುರ್ಚಿಯಿಂದ ಏಳದೆ ಕೇಳಿದರು.

“ಗದಗಕ್ಕ ಮ್ಯಾಲಿಂದ ಮ್ಯಾಲೆ ಯಾಕ ಹೋಗತಿ ನೀನು?”

“ಬಣ್ಣಾ ತರ್ಲಿಕ್ಕೆ. ಇಲ್ಲೆ ಎಲ್ಲಿ ಸಿಗತಾವ?”

“ಬಣ್ಣಾ ಅಷ್ಟ ಏನು?”

ಅಣ್ಣ ಚಪ್ಪಲಿ ಬಿಡುತ್ತಿದ್ದವನು ಹಾಗೆಯೇ ನಿಂತ. ಒಂದು ಕಾಲು ಚಪ್ಪಲಿಯಲ್ಲಿ, ಒಂದು ಕಾಲು ಬರಿಯ ನೆಲದ ಮೇಲೆ.

“ಅಪ್ಪಾ, ನೀವು ಏನ ಕೇಳಲಿಕತ್ತೀರಿ?”

“ಗೊತ್ತದ ನಿನಗ.”

“ನಿಮಗ ಹಂಗ ಅನಸ್ತೇನು?” ಎಂದ ಅಣ್ಣ. ಅಪ್ಪ ದೀಪದ ಕಡೆ ಮುಖ ತಿರುಗಿಸಿದರು. ಅಣ್ಣ ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೊರಗೆ ಹೋದ. ಸೋಮೇಶ್ವರ ಗುಡಿಯ ಪೌಳಿಯಲ್ಲಿ ಒಬ್ಬನೇ ಕುಳಿತಿದ್ದನೆಂದು ಆಮೇಲೆ ದಾದಾಪೀರ ಹೇಳಿದ.

ಮರುದಿನ ಅಪ್ಪ ಅತ್ಯಾನಿಗೆ ಹೇಳಿ ಅಣ್ಣನ ತಾಟು, ತಂಬಿಗೆ ಬೇರೆ ಮಾಡಿಸಿದರು. ಅತ್ಯಾ ಜಗಳ ತೆಗೆದಳು. “ನಿನ್ನ ಹೊಟ್ಟ್ಯಾಗ ಹುಟ್ಟಿದಾಂವ ಅವ. ಹೊರಗಿನಾಂವ ಅಲ್ಲ, ಗುರುರಾಜಾ.” ಅಪ್ಪ, “ವಿಮಲಾನ ಸಲುವಾಗಿ ಮಾಡಲಿಕತ್ತೀನಿ,” ಎಂದಷ್ಟೇ ಅಂದರು. ನನ್ನ ಸಲುವಾಗಿ ಎಂಬ ಮಾತು ಕೇಳಿ ನಾನು ಅಡುಗೆಮನೆಯಲ್ಲಿ ಇನ್ನಷ್ಟು ಕುಗ್ಗಿದೆ. ಅಪ್ಪ ಉಂಡು ಎದ್ದ ಮೇಲೆ ಅಣ್ಣ ಬಂದು, ತನ್ನ ತಾಟು ತಾನೇ ತೆಗೆದುಕೊಂಡು ಉಣ್ಣತೊಡಗಿದ.

ಒಂದು ದಿನ ನಾನು ಬಡಿಸುತ್ತಿದ್ದಾಗ ಮೆಲ್ಲಗೆ ಕೇಳಿದ. “ವಿಮಲಿ, ಹುಬ್ಬಳ್ಳಿಗೆ ಬರತೀಯೇನು? ನಿನ್ನ ರಕ್ತಾ ತೋರಿಸ್ಕೊಂಡು ಬರೋಣು. ಎಲ್ಲಾರದೂ ನೋಡಬೇಕಂತ ಅವ್ರು ಸುಮ್ಮನ ಹೇಳಿರೂದಿಲ್ಲ.”

ಪಡಸಾಲೆಯಿಂದ ಅಪ್ಪನ ದನಿ ಬಂತು. “ಆಕೀನ್ನ ಎಲ್ಲೂ ಕರಕೊಂಡ ಹೋಗಬ್ಯಾಡ.”

ಮುಂಡರಗಿಯ ಒಂದು ಮನೆತನದಿಂದ ನನಗೆ ಸಂಬಂಧ ಕೇಳುತ್ತಿದ್ದರು. ಹುಡುಗ ತಾಲೂಕು ಕಚೇರಿಯಲ್ಲಿ ಗುಮಾಸ್ತ. ಡಾಕ್ಟರ ಮಗಳ ರಕ್ತ ತಪಾಸಣೆಗೆ ಹೋಯಿತೆಂದರೆ ಸುದ್ದಿ ಬಸ್ಸಿಗಿಂತ ಮುಂಚೆ ಮುಂಡರಗಿ ಮುಟ್ಟುತ್ತದೆ ಎಂದು ಅಪ್ಪ ಹೆದರಿದ್ದರು. ಅವರ ಹೆದರಿಕೆ ಸುಳ್ಳಲ್ಲ. ರೋಗಿಗಳೇ ಬೇರೆಯವರ ಸುದ್ದಿಯನ್ನು ನಮ್ಮ ಪಡಸಾಲೆಯಲ್ಲಿ ಕುಳಿತು ಎಷ್ಟು ಹಂಚಿಕೊಳ್ಳುತ್ತಿದ್ದರೆಂದು ನಾನು ದಿನವೂ ಕೇಳುತ್ತಿದ್ದೆ.

ಹೀಗೆ ಎರಡು ವರ್ಷ ನಡೆಯಿತು. ಹುಡುಗನ ತಂಗಿಯ ಲಗ್ನ ಮೊದಲು ಆಗಬೇಕೆಂದು ನನ್ನ ಸಂಬಂಧದ ಮಾತು ಅಲ್ಲಿಗೇ ನಿಂತಿತ್ತು. ಅಪ್ಪ ಮತ್ತು ಅಣ್ಣನ ನಡುವೆ ಮಾತಿರಲಿಲ್ಲ, ಪಟ್ಟಿಯೊಂದಿತ್ತು. ಆಗಾಗ ಅಣ್ಣ ಸೀಸೆಯನ್ನು ಹಿತ್ತಲ ಕಟ್ಟೆಯ ಮೇಲೆ ಇಟ್ಟು ಶಾಲೆಗೆ ಹೋಗುತ್ತಿದ್ದ. ಅಪ್ಪ ಪಟ್ಟಿ ಅದ್ದಿ ಹಗ್ಗಕ್ಕೆ ಹಾಕುತ್ತಿದ್ದರು. ಸಂಜೆ ಅಣ್ಣ ಬಂದು ಹಗ್ಗದ ಕಡೆ ಒಮ್ಮೆ ನೋಡುತ್ತಿದ್ದ. ಪಟ್ಟಿ ಬಿಳಿ. ಪ್ರತಿ ಸಲವೂ ಬಿಳಿ. ಅದನ್ನು ನೋಡಿ ಅಪ್ಪನ ಮುಖ ಒಂದಿಷ್ಟು ಸಡಿಲಾಗುತ್ತಿತ್ತು. ಅಣ್ಣನ ಮುಖ ಆಗುತ್ತಿರಲಿಲ್ಲ. ಹುಬ್ಬಳ್ಳಿಗೆ ಅವನೊಬ್ಬನೇ ಹೋಗಬಹುದಿತ್ತು, ಹೋಗಲಿಲ್ಲ. ತಾನು ಆ ದವಾಖಾನೆಯ ಮೆಟ್ಟಿಲು ಹತ್ತಿದರೆ ಅಪ್ಪ ಅಂದುಕೊಂಡದ್ದನ್ನು ತಾನೇ ಒಪ್ಪಿಕೊಂಡಂತೆ ಎಂದು ಅವನು ದಾದಾಪೀರನ ಮುಂದೆ ಅಂದಿದ್ದನಂತೆ.

ಅವನು ಸೊರಗುತ್ತ ಬಂದ. ಶಾಲೆಯಿಂದ ಬಂದವನು ಅಂಗಿ ಕಳಚದೆ ಮಲಗಿಬಿಡುತ್ತಿದ್ದ. ಬಲ ಪಕ್ಕೆಯ ಕೆಳಗೆ ಕಲ್ಲು ಇಟ್ಟಂತೆ ಭಾರ ಎನ್ನುತ್ತಿದ್ದ. ಅತ್ಯಾ ಓಮಕಾಳಿನ ಕಷಾಯ ಮಾಡಿ ಕೊಟ್ಟಳು. ಅಪ್ಪ ಹಗ್ಗದ ಮೇಲಿನ ಪಟ್ಟಿ ನೋಡಿ, “ವಾತ ಇರಬೇಕು,” ಎಂದರು. ಆ ಮಾತನ್ನೂ ಅತ್ಯಾನ ಮುಂದೆ ಅಂದರು, ಅಣ್ಣನ ಮುಂದೆ ಅಲ್ಲ.

ಎಂಬತ್ತಾರರ ಶ್ರಾವಣದಲ್ಲಿ ಒಂದು ಸಂಜೆ ನಾನು ನಡುಮನೆಯಲ್ಲಿ ಬತ್ತಿ ಹೊಸೆಯುತ್ತಿದ್ದೆ. ಪರದೆಯ ಕೆಳಗೆ ಎರಡು ಪಾದ ಬಂದು ನಿಂತವು. ನಾನು ಯಾರೋ ರೋಗಿ ಎಂದುಕೊಂಡೆ. ಪಾದ ಬಾತಿದ್ದವು. ಚಪ್ಪಲಿಯ ಪಟ್ಟಿ ಒತ್ತಿದ ಕಡೆ ಆಳವಾದ ಗೆರೆ ಬಿದ್ದಿತ್ತು, ಹಸಿ ಹಿಟ್ಟಿನ ಮೇಲೆ ದಾರ ಒತ್ತಿದಂತೆ. ಆಮೇಲೆ ಹೆಬ್ಬೆರಳ ಮೇಲೆ ನೀಲಿ ಬಣ್ಣದ ಹನಿ ಕಂಡಿತು.

ಆ ಪಾದಗಳನ್ನು ನಾನು ಮೊದಲು ನೋಡಿದ್ದೆ. ಅವ್ವ ಕೊನೆಯ ದಿನಗಳಲ್ಲಿ ಇದೇ ನಡುಮನೆಯಲ್ಲಿ ಕಾಲು ಚಾಚಿ ಕುಳಿತಿರುತ್ತಿದ್ದಳು. ಕಾಲುಂಗುರ ಬಿಚ್ಚಲು ಬರದೆ ನಾನು ಎಣ್ಣೆ ಹಚ್ಚಿದ್ದೆ.

ರೋಗಿಗಳೆಲ್ಲ ಹೋಗುವ ತನಕ ಕಾಯ್ದೆ. ಆಮೇಲೆ ಪರದೆ ಸರಿಸಿ ಪಡಸಾಲೆಗೆ ಹೋದೆ. ಅಪ್ಪ ಸಿರಿಂಜು ಕುದಿಸುವ ಡಬ್ಬಿ ಮುಚ್ಚುತ್ತಿದ್ದರು.

“ಅಪ್ಪಾ.”

“ಏನವ್ವಾ?”

“ಅಣ್ಣನ ಕಾಲು ಅವ್ವನ ಕಾಲಿನಂಗ ಆಗ್ಯಾವ.”

ಅಪ್ಪ ಡಬ್ಬಿಯ ಮುಚ್ಚಳ ಹಿಡಿದುಕೊಂಡೇ ನನ್ನನ್ನು ನೋಡಿದರು. ಆಮೇಲೆ ಅಣ್ಣ ಮಲಗಿದ್ದ ಖೋಲಿಗೆ ಹೋದರು. ಎರಡು ವರ್ಷದ ಮೇಲೆ ಮೊದಲ ಸಲ ಮಗನನ್ನು ಮುಟ್ಟಿದರು. ಅಂಗಿ ಎತ್ತಿ ಪಕ್ಕೆಯ ಕೆಳಗೆ ಬೆರಳಿಟ್ಟು ಒತ್ತಿದರು. ಅಣ್ಣ ಗೋಡೆಯ ಕಡೆ ಮುಖ ಮಾಡಿದ್ದ. ಅಪ್ಪನ ಬೆರಳು ಒಂದು ಕಡೆ ನಿಂತವು, ತಿರುಗಿ ಅಲ್ಲೇ ಒತ್ತಿದವು, ಇನ್ನೊಮ್ಮೆ ಒತ್ತಿದವು. ಅಪ್ಪ ಕೆಟ್ಟ ಡಾಕ್ಟರಲ್ಲ. ಅವರ ಬೆರಳಿಗೆ ಸಿಕ್ಕದ್ದು ಏನೆಂದು ಅವರಿಗೆ ತಕ್ಷಣ ತಿಳಿಯಿತು.

ಮರುದಿನ ಮೊದಲ ಬಸ್ಸಿಗೆ ಹುಬ್ಬಳ್ಳಿಗೆ ಹೋದೆವು. ಅಣ್ಣನ ಚೀಲ ಹಿಡಿಯಲು ನಾನೂ ಹೋದೆ. ಆ ಡಾಕ್ಟರು ಅಲ್ಲಿಯೇ ಇದ್ದರು. ಅವರಿಗೆ ಅಣ್ಣನ ನೆನಪಿತ್ತು. “ಯಾಕ್ರಿ ಮಾಸ್ತರ, ಬರ್ರಿ ಅಂದಿದ್ದೆನಲ್ಲ, ಬರಲೇ ಇಲ್ಲ ನೀವು,” ಎಂದರು. ಅಣ್ಣ ನಕ್ಕ. ಪರೀಕ್ಷೆಯಾದ ಮೇಲೆ ಅವರು ಅಪ್ಪನನ್ನು ಒಳಗೆ ಕರೆದರು. ನನ್ನನ್ನು ಹೊರಗೆ ಹೋಗು ಎಂದು ಯಾರೂ ಹೇಳಲಿಲ್ಲ. ನಾನು ಇರುವುದು ಸಾಮಾನ್ಯವಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ.

ಲಿವರು ಗಟ್ಟಿಯಾಗಿದೆ, ಅದರಲ್ಲಿ ಗಂಟು ಇದೆ, ತೆಗೆಯಲು ಬರುವಂಥದ್ದಲ್ಲ ಎಂದರು.

“ಪಟ್ಟಿ ಬೆಳ್ಳಗಿತ್ತು,” ಎಂದರು ಅಪ್ಪ.

“ಯಾವ ಪಟ್ಟಿ ಸರ್?”

ಅಪ್ಪ ಹೇಳಿದರು. ಆ ಡಾಕ್ಟರು ನಗಲಿಲ್ಲ. “ಕಾಮಣಿ ಇದ್ದದ್ದು ಅದರಾಗ ಕಾಣತದ ಸರ್. ಆದ್ರ ಈ ರೋಗ ಕಣ್ಣಿಗೂ ಕಾಣೂದಿಲ್ಲ, ಮೂತ್ರಕ್ಕೂ ಬರೂದಿಲ್ಲ. ರಕ್ತದಾಗಷ್ಟ ಗೊತ್ತಾಗತದ.” ಸ್ವಲ್ಪ ತಡೆದು ಕೇಳಿದರು. “ಇವರ ತಾಯಿಗೆ ಏನಾಗಿತ್ತು?”

“ಜಲೋದರ,” ಎಂದರು ಅಪ್ಪ. “ಭಾಳ ಉಪವಾಸ ಮಾಡತಿದ್ಲು. ಅದಕ್ಕ ಅಂತ ತಿಳಕೊಂಡಿದ್ದೆ. ನಾನ ನೋಡಿಕೊಂಡೆ.”

“ಅವರಿಗೂ ಇದ ಇದ್ದಿರಬೇಕು. ಹೆರಿಗಿ ಹೊತ್ತಿನಾಗ ತಾಯಿಯಿಂದ ಕೂಸಿಗೆ ಬರತದ. ಸಣ್ಣವರಿದ್ದಾಗ ಬಂದದ್ದು ಭಾಳ ಮಂದಿಗೆ ಹಂಗ ಉಳೀತದ. ಒಂದ ತಾಟಿನಾಗ ಉಂಡ್ರ ಬರೂದಿಲ್ಲ. ಹುಡುಗಂದು ಇದರಾಗ ಏನೂ ತಪ್ಪಿಲ್ಲ ಸರ್.”

ಅಪ್ಪ ಇಷ್ಟು ಹೊತ್ತು ನಿಂತೇ ಇದ್ದರು. ಈಗ ರೋಗಿಗಳು ಕುಳಿತುಕೊಳ್ಳುವ ಸ್ಟೂಲಿನ ಮೇಲೆ ಕುಳಿತರು. ಧೋತರದ ಚುಂಗಿನಿಂದ ಕನ್ನಡಕ ಒರೆಸಿದರು, ಹಾಕಿಕೊಂಡರು, ತಿರುಗಿ ತೆಗೆದು ಒರೆಸಿದರು.

ಊರಿಗೆ ಬಂದ ಮೇಲೆ ಅಣ್ಣನ ಮಂಚವನ್ನು ನಡುಮನೆಗೆ ತಂದೆವು. ಊಟದ ಹೊತ್ತಿಗೆ ಅಪ್ಪ ಅಡುಗೆಮನೆಗೆ ಬಂದರು. ಮೂಲೆಯಲ್ಲಿ ಬೋರಲು ಹಾಕಿದ್ದ ಅಣ್ಣನ ಬೇರೆ ತಾಟನ್ನು ತೆಗೆದುಕೊಂಡು, ತಾವೇ ಅನ್ನ ಸಾರು ಹಾಕಿಕೊಂಡು, ಮಂಚದ ಪಕ್ಕ ನೆಲದ ಮೇಲೆ ಕುಳಿತರು. ಅತ್ಯಾ ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. ಅಪ್ಪ ಅನ್ನ ಕಲಸಿದರು. ತುತ್ತು ಎತ್ತಲಿಲ್ಲ.

“ಪಾಂಡೂ, ನಾ ನಿನಗ ಅನ್ನಬಾರದ್ದು ಅಂದೆ.”

ಅಣ್ಣ ಆ ತಾಟನ್ನು ನೋಡಿದ, ಅಪ್ಪನ ಮುಖವನ್ನು ನೋಡಿದ. ಅವನ ಕಣ್ಣು ತುಂಬಿದವು, ಆದರೆ ದನಿ ಎಂದಿನಂತೆಯೇ ಇತ್ತು.

“ಅನ್ನಾ ಆರತದ ಅಪ್ಪಾ. ಉಣ್ರಿ.”

ಅಪ್ಪ ಉಂಡರು. ಅಲ್ಲಿಂದ ಮುಂದೆ ದಿನವೂ ಅದೇ ತಾಟಿನಲ್ಲಿ ಉಂಡರು. ಈಗಲೂ ಅದರಲ್ಲೇ ಉಣ್ಣುತ್ತಾರೆ.

ಅಣ್ಣ ದೀಪಾವಳಿಯವರೆಗೆ ಉಳಿಯಲಿಲ್ಲ. ಕೊನೆಯ ವಾರದಲ್ಲಿ ಕಣ್ಣು ಹಳದಿಯಾದವು. ಅತ್ಯಾ ಏನು ತಿಳಿದಳೋ, ತಾನೇ ಒಂದು ಪಟ್ಟಿ ಅದ್ದಿ ಹಗ್ಗಕ್ಕೆ ಹಾಕಿದಳು. ಅದು ಅರಿಷಿಣದಂತೆ ಹಳದಿಯಾಗಿ ಒಣಗಿತು. ಆಗ ಅದರಿಂದ ಯಾರೂ ಏನನ್ನೂ ತಿಳಿಯಬೇಕಾಗಿರಲಿಲ್ಲ. ದಾದಾಪೀರ ಬಂದು ಮಂಚದ ಹತ್ತಿರ ಕುಳಿತು, “ಏಳಲೇ ಪಾಂಡ್ಯಾ, ಆಸ್ಟ್ರೇಲಿಯಾಕ್ಕ ಹೋಗೂಣು,” ಎಂದ. ಅಣ್ಣ ತುಟಿಯಲ್ಲೇ ನಕ್ಕ. ಹೊರಗೆ ಬಂದು ದಾದಾಪೀರ ಕಟ್ಟೆಯ ಮೇಲೆ ತಲೆ ಹಿಡಿದುಕೊಂಡು ಕುಳಿತ. ಎರಡನೆಯ ದಿನ ಬೆಳಗಿನ ಬಿಸಿಲು ಹಿತ್ತಲಿಗೆ ಬರುವ ಹೊತ್ತಿಗೆ ಅಣ್ಣ ಹೋದ.

ಕದದ ಹಿಂದಿನ ಕಾಂಗರೂವನ್ನು ಯಾರೂ ಒರೆಸಿಲ್ಲ. ದೀಪಾವಳಿಗೆ ಸುಣ್ಣ ಬಣ್ಣದವರು ಬಂದಾಗ ಅತ್ಯಾ ಆ ಕದದ ಮುಂದೆ ಅಡ್ಡ ನಿಂತಳು.

ಸೂತಕ ಕಳೆದ ಮೇಲೆ ಅಪ್ಪ ತಾವಾಗಿಯೇ ನನ್ನನ್ನು ಹುಬ್ಬಳ್ಳಿಗೆ ಕರೆದುಕೊಂಡು ಹೋದರು. ತಮ್ಮ ರಕ್ತವನ್ನೂ ಕೊಟ್ಟರು. ಫಲ ತಿಳಿಯಲು ಇನ್ನೊಮ್ಮೆ ಹೋಗಬೇಕಾಯಿತು. ಅವರಿಗೆ ಇರಲಿಲ್ಲ. ಬಸ್ ಸ್ಟ್ಯಾಂಡಿನ ಕಲ್ಲು ಬೆಂಚಿನ ಮೇಲೆ ಕುಳಿತಾಗ ಹೇಳಿದರು.

“ನಿನಗದ, ವಿಮಲಾ.”

ನಾನು ನನ್ನ ಪಾದ ನೋಡಿಕೊಂಡೆ. ಸಪೂರವಾಗಿಯೇ ಇದ್ದವು.

“ಇದಕ್ಕ ಔಷಧ?”

“ಈಗ ಇಲ್ಲ. ಆಗಾಗ ಬಂದು ತೋರಿಸ್ಕೋತ ಇರಬೇಕು. ಎಲ್ಲಾರಿಗೂ ಪಾಂಡೂನಂಗ ಆಗೂದಿಲ್ಲಂತ. ಭಾಳ ಮಂದಿ ಮುದುಕರಾಗೂತನಕ ಇರತಾರಂತ.” ಅವರು ಆ ಕೊನೆಯ ಮಾತನ್ನು ಎರಡು ಸಲ ಹೇಳಿದರು.

ಮುಂಡರಗಿಯ ಆ ಮನೆತನದವರು ಸಂಬಂಧದ ಮಾತನ್ನು ತಿರುಗಿ ಎತ್ತಿದ್ದರು. ಅಪ್ಪ ತಾವೇ ಹೋಗಿ ಇದ್ದದ್ದನ್ನು ಹೇಳಿ ಬಂದರು. ಅವರು ಚಹ ಕೊಟ್ಟರಂತೆ, ಅಣ್ಣನ ಬಗ್ಗೆ ಮರುಗಿದರಂತೆ, ಬಸ್ಸಿನ ತನಕ ಬಂದು ಕಳಿಸಿದರಂತೆ. ಆಮೇಲೆ ಅವರಿಂದ ಸುದ್ದಿ ಬರಲಿಲ್ಲ.

ಅತ್ಯಾ ಎದೆ ಬಡಿದುಕೊಂಡಳು. “ಯಾರ ಕೇಳಿದ್ರು ನಿನ್ನ? ಹುಡಿಗಿ ಚಂದಂಗ ತಿರಗ್ಯಾಡಲಿಕತ್ತಾಳ. ಬಾಯಿ ಮುಚಗೊಂಡ ಅಕ್ಷತಾ ಹಾಕಿದ್ರ ಆಗತಿತ್ತು!”

“ಆಕಿ ಕೂಸಿಗೆ ಬರತದಕ್ಕಾ,” ಎಂದರು ಅಪ್ಪ. “ಇಷ್ಟ ದಿನ ನನಗ ಗೊತ್ತಿದ್ದಿಲ್ಲ. ಈಗ ಗೊತ್ತದ.”

ಅತ್ಯಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ನನಗೆ ಆ ಹುಡುಗನ ಮುಖ ಗೊತ್ತಿರಲಿಲ್ಲ. ನೋಡಲು ಬಂದ ದಿನ ನಾನು ಅವನ ಕಾಲು ಮಾತ್ರ ನೋಡಿದ್ದೆ. ಹೊಸ ಚಪ್ಪಲಿ ಕಚ್ಚಿ ಹಿಮ್ಮಡಿಗೆ ಗಾಯವಾಗಿತ್ತು. ಅಪ್ಪ ಮುಂಡರಗಿಯಿಂದ ಬಂದ ದಿನವೇ, ಪಟ್ಟಿ ಹರಿಯಲೆಂದು ಒಗೆದಿಟ್ಟಿದ್ದ ಧೋತರವನ್ನು ಮಡಚಿ ಪೆಟ್ಟಿಗೆಯ ತಳಕ್ಕೆ ಹಾಕಿದೆ. ಅಪ್ಪ ಪಟ್ಟಿ ಕೇಳುವುದನ್ನು ಬಿಟ್ಟಿದ್ದರು.

ಆದರೆ ಮಂದಿ ಬಿಡಲಿಲ್ಲ. ಈ ವರ್ಷ ಸಂಕ್ರಮಣ ಮುಗಿದ ಮೇಲೆ ಅಸುಂಡಿಯಿಂದ ಹನಮಂತವ್ವ ಬಂದಳು. ಅವಳ ಅತ್ತೆಯ ಕಾಲದಿಂದ ಆ ಮನೆಯವರಿಗೆ ಅಪ್ಪನೇ ಡಾಕ್ಟರು. ಸಂಗಡ ಸೊಸೆ ದೇವವ್ವ, ತುಂಬಿದ ಬಸುರಿ. ಪರದೆಯ ಕೆಳಗೆ ಒಡೆದ ಹಿಮ್ಮಡಿಯ ಎರಡು ಕಾಲು, ಹೊಸ ಕಾಲುಂಗುರದ ಎರಡು ಕಾಲು.

“ಸೊಸಿಗೆ ಕಾಮಣಿ ಆಗಿತ್ರಿ ಸಾಹೇಬ್ರ. ಬಸರಾಗಿ ಮ್ಯಾಲಿಂದ ಮ್ಯಾಲೆ ಬಸ್ಸಿನ್ಯಾಗ ಕುಲುಕ್ಯಾಡೂದು ಬ್ಯಾಡಂತ ನಾನ ಪಟ್ಟಿ ಮಾಡೀನಿ, ಥೇಟ ನಿಮ್ಮಂಗ. ನೋಡ್ರಿ, ಹೆಂಗ ಮಲ್ಲಿಗಿ ಆಗೇತಿ! ನಿಮ್ಮ ಬಾಯಿಲೆ ಒಮ್ಮೆ ಇಳೀತು ಅನ್ನಿಸ್ಕೊಂಡ ಹೋಗೂಣಂತ ಬಂದೀವ್ರಿ.”

“ಚಲೋ ಮಾಡೀದಿ. ಆದ್ರ ಇದು ಸಾಲೂದಿಲ್ಲವ್ವ. ಹುಬ್ಬಳ್ಳಿಗೆ ಹೋಗಿ ಈಕೀ ರಕ್ತಾ ತೋರಸ್ಬೇಕು. ರಕ್ತದಾಗ ಉಳದಿದ್ರ ಕೂಸಿಗೆ ಬರತದ. ಹುಟ್ಟಿದ ಕೂಡ್ಲೆ ಕೂಸಿಗೆ ಕೊಡೋ ಲಸಿಕಿ ಒಂದು ಬಂದದಂತ. ಮುಂಬಯಿಗೆ ಬರದು ತರಸ್ಲಿಕ್ಕೆ ನೋಡೋಣು.”

“ಬಿಳಿ ಆತು ಅಂದ್ರ ಇಳೀತು ಅಂತ ನೀವ ಹೇಳಿದ್ರಲ್ರೀ. ನಮ್ಮ ಅತ್ತಿಗೆ ಹೇಳಿದ್ರಿ. ನನಗ ಹೇಳಿದ್ರಿ.”

“ಅರ್ಧಾ ಹೇಳಿದ್ದೆ. ಇನ್ನರ್ಧಾ ನನಗ ಗೊತ್ತಿದ್ದಿಲ್ಲ.”

ಒಡೆದ ಹಿಮ್ಮಡಿಯ ಕಾಲು ಒಂದು ಹೆಜ್ಜೆ ಮೇಜಿನ ಕಡೆ ಸರಿದವು. ಆಮೇಲೆ ಹನಮಂತವ್ವನ ದನಿ ಮೆತ್ತಗಾಯಿತು.

“ಕೈಗೆ ಬಂದ ಮಗನ್ನ ಕಳಕೊಂಡೀರಿ, ನಮ್ಮಪ್ಪ. ಮನಸಿಗೆ ಹತ್ತೇತಿ, ಅದಕ್ಕ ಎಲ್ಲಾರ ಮ್ಯಾಲೂ ಅನಮಾನ ಬರತೈತಿ ನಿಮಗ. ತುಸು ದಿನ ಹೋಗಲಿ. ನಿಮ್ಮ ಪಟ್ಟಿ ಸುಳ್ಳಾಗಾಕ ಸಾಧ್ಯ ಇಲ್ಲರಿ.” ಮೇಜಿನ ಮೇಲೆ ಹೋಳಿಗೆಯ ಗಂಟು ಇಟ್ಟ ಸಪ್ಪಳ ಕೇಳಿತು. “ಬರತೀವ್ರಿ. ಗದಗ ಬಸ್ಸು ತಪ್ಪತೈತಿ.”

ಕಾಲುಗಳು ಹೊರಟವು. ಅಪ್ಪ ಹೋಗಬೇಡಿರೆಂದು ಎರಡು ಸಲ ಕರೆದರು. ಅವರ ದನಿ ಹೊಸ್ತಿಲ ತನಕವೂ ಮುಟ್ಟಲಿಲ್ಲ.

ನಾನು ಹಿತ್ತಲ ಬಾಗಿಲಿಂದ ಬಸ್ ಸ್ಟ್ಯಾಂಡಿಗೆ ಓಡಿದೆ. ಹನಮಂತವ್ವ ಬಸ್ಸಿನ ಕಂಡಕ್ಟರನ ಹತ್ತಿರ ಜಾಗದ ಸಲುವಾಗಿ ಜಗಳಾಡುತ್ತಿದ್ದಳು. ದೇವವ್ವ ಬೇವಿನ ಗಿಡದ ಕೆಳಗೆ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ನನ್ನದೇ ವಯಸ್ಸು, ಇಲ್ಲವೆ ಒಂದೆರಡು ವರ್ಷ ಸಣ್ಣವಳು. ನಾನು ಅವಳ ಮುಖ ನೋಡಿದೆ.

“ನಾ ಡಾಕ್ಟರ ಮಗಳು. ಅಪ್ಪ ಹೇಳಿದ್ದು ಖರೆ ಅದ. ನನ್ನ ಪಟ್ಟಿನೂ ಬಿಳಿ ಅದ. ಆದ್ರ ನನ್ನ ರಕ್ತದಾಗ ಆ ರೋಗ ಅದ. ನನಗ ನಮ್ಮವ್ವನಿಂದ ಬಂದದ. ನೀವು ಒಮ್ಮೆ ತೋರಸ್ರಿ.”

ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. ಆದರೆ ದೇವವ್ವನಿಗೆ ಕೇಳಿಸಿತ್ತು. ಅವಳು ನನ್ನ ಕೊರಳು ನೋಡಿದಳು, ಅಲ್ಲಿ ತಾಳಿ ಇಲ್ಲದ್ದನ್ನು ನೋಡಿದಳು.

“ಲಗ್ನಾ ಆಗಿಲ್ಲೇನ್ರಿ ನಿಮಗ?”

“ಇಲ್ಲ.”

“ಇದರ ಸಲುವಾಗಿ ಏನ್ರಿ?”

ನಾನು ಕೊರಳಿನ ಮೇಲೆ ಸೆರಗು ಎಳೆದುಕೊಂಡೆ. ಅವಳು ಹತ್ತಿರ ಬಂದು ನನ್ನ ಮುಂಗೈ ಹಿಡಿದಳು. ಅವಳ ಕೈ ಬೆಚ್ಚಗಿತ್ತು. ಅತ್ತೆ ಇರುವ ಕಡೆ ಒಮ್ಮೆ ತಿರುಗಿ ನೋಡಿ, ನನ್ನ ಬಗ್ಗೆ ನಿಜವಾಗಿಯೂ ಮರುಗುತ್ತ ಹೇಳಿದಳು.

“ಹಂಗಾದ್ರ ಇನ್ನ ಮುಂದ ಯಾರ ಮುಂದನೂ ಹೇಳಬ್ಯಾಡ್ರಿ, ಅಕ್ಕಾರ.”

ಹನಮಂತವ್ವ ಕೂಗಿದಳು. ದೇವವ್ವ ಕಂಬಿ ಹಿಡಿದು ಬಸ್ಸಿನ ಮೆಟ್ಟಿಲು ಹತ್ತಿದಳು. ಬಿಳಿ ಪಟ್ಟಿಯನ್ನು ಅವಳು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಮೆಟ್ಟಿಲ ಮೇಲೆ ಅವಳ ಪಾದ ಕಂಡವು. ಕಾಲುಂಗುರ ಸಡಿಲಾಗಿಯೇ ಇದ್ದವು, ಎಲ್ಲಿಯೂ ಬಾವಿರಲಿಲ್ಲ. ಬಸ್ಸು ಗದಗಿನ ರಸ್ತೆಗೆ ಹೊರಳುವ ತನಕ ನಾನು ಅಲ್ಲೇ ನಿಂತಿದ್ದೆ.